ಲಾಲಾಗ್ರಂಥಿಯ ಅಂಗಾಂಶದಲ್ಲಿ ಹೆಪಟೈಟಿಸ್ ಬಿ: ಪಿಸಿಆರ್ ಪಾಸಿಟಿವ್ ಬಂದರೆ ಏನೆಂದು ತಿಳಿಯಬೇಕು?

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿ, ಬಾಯಿ ರೋಗಶಾಸ್ತ್ರ, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಎಚ್‌ಬಿಎಸ್‌ಎಜಿ (ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕನ್ನು ತೋರಿಸುವ ವೈರಸ್ಸಿನ ಹೊರಪದರದ ಪ್ರೋಟೀನ್) ಪಾಸಿಟಿವ್ ಆಗಿರುವ ರೋಗಿಯೊಬ್ಬರ ಕೆಳತುಟಿಯ ಮ್ಯೂಕೋಸೀಲ್ (ಜೊಲ್ಲಿನ ಲೋಳೆ ತುಂಬಿದ ಗುಳ್ಳೆ) ತೆಗೆದಾಗ ಅದರ ಜೊತೆ ಬಂದ ಕಿರು ಲಾಲಾಗ್ರಂಥಿಗಳ ಅಂಗಾಂಶವು ಪ್ಯಾರಾಫಿನ್ ಬ್ಲಾಕಿನಲ್ಲಿದೆ (ಫಾರ್ಮಲಿನ್‌ನಲ್ಲಿ ಕಾಪಾಡಿ ಮೇಣದಲ್ಲಿ ಹುದುಗಿಸಿಟ್ಟ ತುಂಡು). ನೈತಿಕ ಸಮಿತಿಯ ಒಪ್ಪಿಗೆ ಪಡೆದು ಅದರ ಮೇಲೆ ಪಿಸಿಆರ್ (ಅತ್ಯಲ್ಪ ಡಿಎನ್‌ಎಯನ್ನೂ ಹಲವು ಪಟ್ಟು ಹೆಚ್ಚಿಸಿ ಪತ್ತೆಹಚ್ಚುವ ಪರೀಕ್ಷೆ) ಮಾಡಿಸಿದಾಗ ವೈರಸ್ಸಿನ ಡಿಎನ್‌ಎ ಸಿಕ್ಕಿತು. ಗ್ರಂಥಿಯ ಕೋಶಗಳಲ್ಲೇ ವೈರಸ್ ವೃದ್ಧಿಯಾಗುತ್ತಿದೆ ಎಂದು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ 1: ಸೂಕ್ಷ್ಮಜೀವಿಶಾಸ್ತ್ರಜ್ಞ, ಮಡಿಕೇರಿ

ಇಷ್ಟರಿಂದಲೇ ಹಾಗೆ ಬರೆಯಲಾಗದು, ಮೇಡಂ. ಮೊದಲ ಅನುಮಾನ ರಕ್ತದ ಮೇಲೆಯೇ ಬರಬೇಕು. ಸೋಂಕು ತೀವ್ರವಾಗಿದ್ದಾಗ ಒಂದು ಮಿಲಿಲೀಟರ್ ರಕ್ತದಲ್ಲಿ ಕೋಟಿಗಟ್ಟಲೆ ವೈರಸ್ ಕಣಗಳಿರಬಲ್ಲವು. ಗ್ರಂಥಿಯ ಸುತ್ತ ರಕ್ತನಾಳಗಳು ಹೆಣೆದುಕೊಂಡಿರುವುದರಿಂದ, ಚೂರಿನಲ್ಲಿ ಉಳಿದ ಒಂದು ಹನಿಯೇ ಪಿಸಿಆರ್ ಪಾಸಿಟಿವ್ ಆಗಲು ಸಾಕು. ಬ್ಲಾಕನ್ನು ತೆಳುವಾಗಿ ಕತ್ತರಿಸುವ ಅದೇ ಮೈಕ್ರೋಟೋಮ್ ಬ್ಲೇಡಿನಲ್ಲಿ ಮುಂಚೆ ಯಕೃತ್ತಿನ ಬ್ಲಾಕ್ ಕತ್ತರಿಸಿದ್ದರೆ ಆ ದಾರಿಯಿಂದಲೂ ಡಿಎನ್‌ಎ ಬರಬಹುದು, ಆದ್ದರಿಂದ ಖಾಲಿ ಪ್ಯಾರಾಫಿನ್ ಚೂರನ್ನೂ ಜೊತೆಯಲ್ಲೇ ಪರೀಕ್ಷಿಸಿ.

ಈ ವೈರಸ್ಸಿನ ಜೀನೋಮ್ ಸುಮಾರು 3,200 ಬೇಸ್ ಜೋಡಿಗಳಷ್ಟು ಚಿಕ್ಕದು. ಕೋಶದೊಳಗೆ ಹೋದ ಮೇಲೆ ಅದು ನ್ಯೂಕ್ಲಿಯಸ್ಸಿನಲ್ಲಿ ಸಿಸಿಸಿಡಿಎನ್‌ಎ ಎಂಬ ಮುಚ್ಚಿದ ವೃತ್ತವಾಗುತ್ತದೆ, ಅದರಿಂದ ಸುಮಾರು 3,500 ಬೇಸ್‌ಗಳ ಪ್ರೀಜೀನೋಮಿಕ್ ಆರ್‌ಎನ್‌ಎ, ಅಂದರೆ ಹೊಸ ವೈರಸ್ ಡಿಎನ್‌ಎಗೆ ಅಚ್ಚಾಗುವ ಪ್ರತಿ, ಹುಟ್ಟುತ್ತದೆ. ವೃದ್ಧಿಯ ಸಾಕ್ಷ್ಯ ಬೇಕೆಂದರೆ ಇವನ್ನೇ ಹುಡುಕಬೇಕು. ಜೊತೆಗೆ ಇನ್ ಸಿಟು ಹೈಬ್ರಿಡೈಸೇಷನ್ (ವೈರಸ್ಸಿನ ಡಿಎನ್‌ಎ ಅಥವಾ ಆರ್‌ಎನ್‌ಎ ಅಂಗಾಂಶದಲ್ಲಿ ಎಲ್ಲಿದೆ ಎಂದು ಗುರುತು ಹಚ್ಚಿ ತೋರಿಸುವ ವಿಧಾನ) ಮಾಡಿದರೆ ಸಂಕೇತವು ಜೊಲ್ಲು ಸ್ರವಿಸುವ ಅಸಿನಾರ್ ಕೋಶದಲ್ಲಿದೆಯೋ ಅದನ್ನು ಹೊರಸಾಗಿಸುವ ನಾಳದ ಕೋಶದಲ್ಲಿದೆಯೋ ಅಥವಾ ಬರೀ ರಕ್ತನಾಳದೊಳಗಿದೆಯೋ ಎಂಬುದು ಕಣ್ಣಿಗೇ ಕಾಣುತ್ತದೆ. ನನ್ನ ಮಟ್ಟಿಗೆ ಈ ಒಂದು ಚಿತ್ರಕ್ಕೆ ಹತ್ತು ಪಿಸಿಆರ್ ವರದಿಗಳಿಗಿಂತ ಹೆಚ್ಚಿನ ತೂಕವಿದೆ.

ತೊಡಕೆಂದರೆ ಫಾರ್ಮಲಿನ್ ಡಿಎನ್‌ಎಯನ್ನು ತುಂಡುತುಂಡು ಮಾಡುತ್ತದೆ. ಹಾಗಾಗಿ 100ರಿಂದ 150 ಬೇಸ್‌ಗಳ ಸಣ್ಣ ಭಾಗವನ್ನು ವರ್ಧಿಸುವ ಪ್ರೈಮರ್ (ಪಿಸಿಆರ್ ಎಲ್ಲಿಂದ ಶುರುವಾಗಬೇಕೆಂದು ಸೂಚಿಸುವ ಡಿಎನ್‌ಎ ತುಣುಕು) ಆರಿಸಬೇಕು, ಮತ್ತು ಬ್ಲಾಕಿನಿಂದ ಬಂದ ಸಿಸಿಸಿಡಿಎನ್‌ಎ ಫಲಿತಾಂಶವನ್ನು ನಂಬಲಾಗದು. 2012ರಲ್ಲಿ ಗುರುತಿಸಲಾದ ಎನ್‌ಟಿಸಿಪಿ ಎಂಬ ಗ್ರಾಹಕವು, ಅಂದರೆ ವೈರಸ್ ಒಳಹೋಗುವ ಬಾಗಿಲು, ಮುಖ್ಯವಾಗಿ ಯಕೃತ್ತಿನ ಕೋಶಗಳಲ್ಲಿರುತ್ತದೆ ಎಂಬುದನ್ನೂ ಚರ್ಚೆಯ ಭಾಗದಲ್ಲಿ ಎದುರಿಸಲೇಬೇಕಾಗುತ್ತದೆ.

ಉತ್ತರ 2: ವೈದ್ಯೆ, ಗೋಣಿಕೊಪ್ಪಲು

ಪ್ರಯೋಗಾಲಯದ ಮಾತು ಹಾಗಿರಲಿ, ಇಂಥ ಫಲಿತಾಂಶ ಹೊರಗೆ ಹೇಗೆ ಹಬ್ಬುತ್ತದೆ ಎಂಬ ಚಿಂತೆ ನನ್ನದು. ‘ಜೊಲ್ಲಿನಲ್ಲಿ ವೈರಸ್’ ಎಂದೊಡನೆ ತೋಟದ ಲೈನ್ ಮನೆಗಳಲ್ಲಿ ಆ ವ್ಯಕ್ತಿಯ ಲೋಟ, ತಟ್ಟೆಗಳನ್ನು ಬೇರೆ ಇಡುತ್ತಾರೆ. ಜೊಲ್ಲಿನಲ್ಲಿ ವೈರಸ್ ಡಿಎನ್‌ಎ ಕಾಣುವುದು ನಿಜವಾದರೂ ಸಾಮಾನ್ಯವಾಗಿ ರಕ್ತಕ್ಕಿಂತ ಬಹಳ ಕಡಿಮೆ; ಒಟ್ಟಿಗೆ ಉಣ್ಣುವುದರಿಂದಾಗಲೀ ಪಾತ್ರೆ ಹಂಚಿಕೊಳ್ಳುವುದರಿಂದಾಗಲೀ ಸೋಂಕು ಹರಡದು. ರಕ್ತ ತಾಗುವ ಹಲ್ಲುಜ್ಜುವ ಬ್ರಷ್ ಮತ್ತು ರೇಜರ್ ಬೇರೆಯಿರಬೇಕು, ಮನೆಯವರು ಪರೀಕ್ಷೆ ಮಾಡಿಸಿಕೊಂಡು ಅಗತ್ಯವಿದ್ದವರು ಲಸಿಕೆ ಪಡೆಯಬೇಕು. ನೀವೂ ಲಸಿಕೆಯ ನಂತರದ ಪ್ರತಿಕಾಯ ಮಟ್ಟವನ್ನು ನೋಡಿಸಿಕೊಂಡಿದ್ದೀರಿ ತಾನೇ? ಒಂದು ಮಿಲಿಲೀಟರಿಗೆ 10 ಮಿಲಿ ಯೂನಿಟ್‌ಗಿಂತ (10 mIU/mL) ಕಡಿಮೆಯಿದ್ದರೆ ಮತ್ತೆ ಡೋಸ್ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:

ಮಾಡಿಸಿದ್ದೇನೆ ಮೇಡಂ, ಸಾಕಷ್ಟಿದೆ. ಸರ್, ಮುಂದಿನ ರೋಗಿಗಳಿಂದ ಹೊಸ ಅಂಗಾಂಶ ಸಂಗ್ರಹಿಸುವುದಾದರೆ ಹೇಗೆ ಸಾಗಿಸಬೇಕು?

ಉತ್ತರ 1ರವರು:

ತೆಗೆದ ಕೂಡಲೇ ಸಲೈನಿನಲ್ಲಿ ತೊಳೆದು ರಕ್ತ ಕಡಿಮೆ ಮಾಡಿ, ಅರ್ಧವನ್ನು ಫಾರ್ಮಲಿನ್‌ಗೂ ಇನ್ನರ್ಧವನ್ನು ಆರ್‌ಎನ್‌ಎ ಕಾಪಾಡುವ ದ್ರಾವಣಕ್ಕೂ ಹಾಕಿ. ಘಟ್ಟ ಇಳಿದು ಮಂಗಳೂರಿಗೆ ಕಳಿಸುವುದಾದರೆ ಮೂರು ಪದರದ ಪ್ಯಾಕಿಂಗ್ ಕಡ್ಡಾಯ. ಅದೇ ದಿನದ ರಕ್ತದ ಮಾದರಿಯನ್ನೂ ಜೊತೆಗಿಡಿ, ಅದಿಲ್ಲದೆ ಅಂಗಾಂಶದ ಅಂಕಿಯನ್ನು ಹೋಲಿಸಲು ಆಧಾರವೇ ಇರುವುದಿಲ್ಲ.