ಮಗನ ಹಲ್ಲಿನ ಕಂದು ಗೆರೆ ಮತ್ತು ನಮ್ಮೂರ ಬೋರ್ ನೀರು: ಪ್ರಶ್ನೋತ್ತರ

ಪ್ರಶ್ನೆ (ಕುಷ್ಟಗಿ ತಾಲೂಕಿನ ಒಬ್ಬ ತಾಯಿ):
ಮೇಡಂ, ನನ್ನ ಮಗನಿಗೆ ಒಂಬತ್ತು ವರ್ಷ. ಹಾಲುಹಲ್ಲು ಚೆನ್ನಾಗೇ ಇದ್ದವು. ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ, ನಡುವೆ ಕಂದು ಗೆರೆ. ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಶಾಲೆಯಲ್ಲಿ ಆಡಿಕೊಳ್ಳುತ್ತಾರೆ ಅಂತ ಬಾಯಿ ಮುಚ್ಚಿಕೊಂಡು ನಗುತ್ತಾನೆ. ಮಗಳಿಗೆ ಮೂರು ವರ್ಷ. ಈಗ ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಅಡುಗೆಗೆ ಬೋರ್ ನೀರೇ, ಆದರೆ ಕುದಿಸಿ ಬಳಸುತ್ತೇವೆ. ಅತ್ತೆಗೆ ಸೊಂಟ, ಮೊಣಕಾಲು ಹಿಡಿದುಕೊಂಡಿದೆ. ಅದಕ್ಕೂ ನೀರೇ ಕಾರಣ ಅಂತಾರೆ, ನಿಜವಾ?

ಉತ್ತರ (ದಂತವೈದ್ಯೆ, ಕೊಪ್ಪಳ):
ಅಕ್ಕಾ, ಮೊದಲು ಮಗನಿಗೆ ಹೇಳಿ, ಇದು ಅವನು ಹಲ್ಲುಜ್ಜದೆ ಆಗಿದ್ದಲ್ಲ. ನೀವು ಬರೆದಿರುವುದನ್ನು ನೋಡಿದರೆ ಫ್ಲೋರೋಸಿಸ್ ಇರಬಹುದು ಅನಿಸುತ್ತದೆ, ಅಂದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್ ಅನ್ನುವ ಲವಣ ಜಾಸ್ತಿಯಾಗಿ ಹಲ್ಲಿಗೆ, ಮೂಳೆಗೆ ಹಿಡಿಯುವ ತೊಂದರೆ. ಕನ್ನಡಿ ಮುಂದೆ ನಿಲ್ಲಿಸಿ ನೋಡಿ. ಎಡಗಡೆಯ ಹಲ್ಲಿನಲ್ಲಿ ಇರುವ ಗೆರೆಯೇ ಬಲಗಡೆಯ ಜೋಡಿ ಹಲ್ಲಿನಲ್ಲೂ ಇದ್ದು, ಗೆರೆ ಅಡ್ಡಕ್ಕೆ ಓಡಿದ್ದರೆ ಬಹುಮಟ್ಟಿಗೆ ಅದೇ. ಬರೀ ಒಸಡಿನ ಅಂಚಿಗೆ ಹಳದಿ ಕಟ್ಟಿದ್ದರೆ ಅದು ಪಾಚಿ, ಕ್ಲೀನ್ ಮಾಡಿದರೆ ಹೋಗುತ್ತದೆ.

ಹಲ್ಲು ಒಸಡಿನ ಒಳಗೆ ರೂಪುಗೊಳ್ಳುವಾಗಲೇ ಫ್ಲೋರೈಡ್ ತನ್ನ ಕೆಲಸ ಮಾಡಿರುತ್ತದೆ. ಸುಮಾರು ಎಂಟು ವರ್ಷದೊಳಗೆ ಕುಡಿದ, ತಿಂದ ನೀರಿನ ಲೆಕ್ಕ ಅದು. ಹಾಗಾಗಿ ಮಗನ ಗೆರೆ ನೀರು ಬದಲಿಸಿದರೂ ಮಾಯವಾಗುವುದಿಲ್ಲ. ತೆಳುವಾಗಿದ್ದರೆ ಮೇಲ್ಪದರ ಸವರಿ, ಇಲ್ಲ ಹಲ್ಲಿನ ಬಣ್ಣದ ಸಿಮೆಂಟು ಹಚ್ಚಿ ಮುಚ್ಚಬಹುದು, ಒಮ್ಮೆ ತೋರಿಸಿ. ನನಗೆ ಜಾಸ್ತಿ ಚಿಂತೆ ಇರುವುದು ಮಗಳ ಬಗ್ಗೆ. ಅವಳ ಶಾಶ್ವತ ಹಲ್ಲುಗಳು ಈಗ ಒಳಗೆ ಕಟ್ಟುತ್ತಿವೆ. ಅವಳದ್ದನ್ನು ಇನ್ನೂ ಉಳಿಸಿಕೊಳ್ಳಬಹುದು.

ಅದಕ್ಕೇ ಹೇಳುತ್ತಿದ್ದೇನೆ, ಕುಡಿಯುವ ನೀರು ಬದಲಿಸಿ ಅಡುಗೆ ನೀರು ಬಿಟ್ಟರೆ ಅರ್ಧ ಕೆಲಸ ಆದಂತೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಕ್ಯಾನ್ ನೀರು ಲೋಟಕ್ಕೆ ಮಾತ್ರ, ಒಲೆ ಮೇಲೆ ಬೋರ್ ನೀರು. ರೊಟ್ಟಿಗೆ ಎಸರು ಇಡುತ್ತೀರಿ, ಆ ನೀರಷ್ಟೂ ಹಿಟ್ಟಿಗೆ ಹೋಗುತ್ತದೆ. ಅನ್ನ, ಬೇಳೆ ಬೇಯುವಾಗ ನೀರು ಹೀರಿಕೊಳ್ಳುತ್ತವೆ, ಜೊತೆಗೆ ಫ್ಲೋರೈಡೂ ಒಳಗೆ ಹೋಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ ನಿಜ, ಫ್ಲೋರೈಡ್ ಮಾತ್ರ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ, ಅಂದರೆ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಕ್ಲೋರಿನ್, ಯುವಿ ಮಷಿನ್, ಯಾವುದೂ ಇದನ್ನು ತೆಗೆಯುವುದಿಲ್ಲ. ಆರ್‌ಒ, ಅಂದರೆ ನೀರಿನ ಘಟಕಗಳಲ್ಲಿ ಇರುವ, ತೆಳು ಪೊರೆಯ ಮೂಲಕ ನೀರು ಸೋಸುವ ಯಂತ್ರ, ತೆಗೆಯುತ್ತದೆ. ಆಕ್ಟಿವೇಟೆಡ್ ಅಲ್ಯೂಮಿನಾ ಅನ್ನುವ, ಫ್ಲೋರೈಡ್ ಹಿಡಿದಿಟ್ಟುಕೊಳ್ಳುವ ಹರಳು ಹಾಕಿದ ಫಿಲ್ಟರ್ ತೆಗೆಯುತ್ತದೆ. ಮಳೆನೀರಿನಲ್ಲಿ ಇದು ಇಲ್ಲ ಅನ್ನುವಷ್ಟು ಕಡಿಮೆ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರ್ ನೀರು ಧಾರಾಳವಾಗಿ ಬಳಸಿ, ಚರ್ಮದಿಂದ ಒಳಗೆ ಹೋಗುವ ಭಯ ಬೇಡ. ಕ್ಯಾನ್ ನೀರು ಸಾಲದಿದ್ದರೆ ಮೊದಲು ಮಗಳು ಕುಡಿಯುವ ನೀರು, ಆಮೇಲೆ ಎಸರು, ಅನ್ನ, ಬೇಳೆ, ಚಹಾ, ಈ ಕ್ರಮದಲ್ಲಿ ಹಂಚಿಕೊಳ್ಳಿ.

ಅತ್ತೆಯ ವಿಷಯ. ಈ ವಯಸ್ಸಿಗೆ ಮಂಡಿ ನೋವಿಗೆ ಹತ್ತು ಕಾರಣ ಇರುತ್ತವೆ, ಸುಮ್ನೆ ನೀರಿನ ಮೇಲೆ ಹಾಕಬಾರದು. ಮನೆಯಲ್ಲೇ ಮೂರು ಪರೀಕ್ಷೆ ಮಾಡಿ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಒಯ್ಯುವುದು. ಮೂರೂ ಬಿಗಿ ಅನಿಸಿದರೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಾಡಿಸಿ, ಯಾವ ಬೋರಿನ ನೀರು ಕುಡಿಯುತ್ತಿದ್ದರು ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಇನ್ನೊಂದು ಮಾತು. ಅತ್ತೆಯ ಹಲ್ಲು ಬೆಳ್ಳಗಿವೆ ಅಂತ ನೀರಿನ ತೊಂದರೆ ಇಲ್ಲ ಅನ್ನಬೇಡಿ. ಬೇರೆ ಊರಲ್ಲಿ ಹುಟ್ಟಿ, ಹಲ್ಲು ಬಂದ ಮೇಲೆ ಮದುವೆಯಾಗಿ ಬಂದವರಿಗೆ ಹಲ್ಲಿನಲ್ಲಿ ಗುರುತೇ ಇರುವುದಿಲ್ಲ, ಮೂಳೆಗೆ ಮಾತ್ರ ಹಿಡಿಯುತ್ತದೆ.

ಪ್ರಶ್ನೆ (ಲಿಂಗಸುಗೂರಿನಿಂದ):
ನಮ್ಮ ಘಟಕದವರು ಟಿಡಿಎಸ್ ಮೀಟರ್ ಅದ್ದಿ 80 ತೋರಿಸುತ್ತಾರೆ. ಅಷ್ಟಿದ್ದರೆ ಸಾಕಲ್ವಾ?

ಉತ್ತರ:
ಅಣ್ಣಾ, ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು. ಅದು ನೂರಾರು ಮಿಲಿಗ್ರಾಂ ಲೆಕ್ಕ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅಷ್ಟು ಸಣ್ಣ ವ್ಯತ್ಯಾಸ ಆ ಮೀಟರಿಗೆ ಕಾಣುವುದೇ ಇಲ್ಲ. ಬೋರ್ ನೀರಿನ ಟಿಡಿಎಸ್ ದೊಡ್ಡದಿದ್ದು ಘಟಕದ ನೀರಿನಲ್ಲಿ 80ಕ್ಕೆ ಇಳಿದಿದ್ದರೆ ಆರ್‌ಒ ಪೊರೆ ಕೆಲಸ ಮಾಡುತ್ತಿದೆ ಅಂತ ಒಂದು ಸುಳಿವು, ಅಷ್ಟೇ. ಬಾಯಿಗೆ ಸಿಹಿಯಾಗಿರುವ ಬೋರ್ ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ನೆಲದಡಿ ಗ್ರಾನೈಟ್ ಮತ್ತು ಅಂಥದೇ ಗಟ್ಟಿ ಕಲ್ಲು. ಆಳದಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನಿಂದ ಇದನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೇ ತುಂಗಭದ್ರೆಯ ನೀರಿಗಿಂತ ಬೋರಿನ ನೀರಿನಲ್ಲಿ ಈ ತೊಂದರೆ ಜಾಸ್ತಿ. ಪಕ್ಕಪಕ್ಕದ ಎರಡು ಬೋರಿನಲ್ಲೂ ಬೇರೆ ಬೇರೆ ಬರಬಹುದು.

ಪ್ರಶ್ನೆ (ಮಾನ್ವಿ ಕಡೆಯ ಆಶಾ ಕಾರ್ಯಕರ್ತೆ):
ಬಾಣಂತಿಯರು ಕೇಳುತ್ತಾರೆ, ಇಂಥ ನೀರು ಕುಡಿದರೆ ಎದೆಹಾಲಿಗೂ ಬರುತ್ತದಾ? ಪೇಸ್ಟಿನಲ್ಲೂ ಫ್ಲೋರೈಡ್ ಇರುತ್ತದಲ್ಲ, ಮಕ್ಕಳಿಗೆ ಬಿಡಿಸಬೇಕಾ?

ಉತ್ತರ:
ಎದೆಹಾಲು ಕುಡಿಸಲಿ, ಧೈರ್ಯವಾಗಿ ಹೇಳಿ. ತಾಯಿ ಇಂಥ ನೀರು ಕುಡಿದರೂ ಹಾಲಿಗೆ ಬರುವುದು ತೀರಾ ಕಡಿಮೆ. ಅಪಾಯ ಇರುವುದು ಡಬ್ಬಿ ಹಾಲಿನ ಪುಡಿಯನ್ನು ಬೋರ್ ನೀರಿನಲ್ಲಿ ಕಲಸಿದಾಗ. ಪೇಸ್ಟ್ ಬಿಡಿಸಬೇಡಿ, ಹುಳುಕು ತಡೆಯಲು ಅದು ಬೇಕು. ಮೂರು ವರ್ಷದೊಳಗೆ ಒಂದು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ದೊಡ್ಡವರೇ ಹಾಕಿಕೊಡಬೇಕು, ಮಗು ನುಂಗದೆ ಉಗುಳಬೇಕು.

ಪ್ರಶ್ನೆ (ಯಲಬುರ್ಗಾದಿಂದ):
ಹುಣಸೆಹಣ್ಣು ತಿಂದರೆ ಫ್ಲೋರೈಡ್ ಹೊರಗೆ ಹೋಗುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ಸುಳ್ಳಾ?

ಉತ್ತರ:
ಪೂರ್ತಿ ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಶಾಲಾ ಹುಡುಗರಿಗೆ ಹುಣಸೆ ಕೊಟ್ಟು ನೋಡಿದಾಗ ಮೂತ್ರದಲ್ಲಿ ಫ್ಲೋರೈಡ್ ಹೋಗುವುದು ಜಾಸ್ತಿಯಾಗಿತ್ತು. ಆದರೆ ಅದು ಕೆಲವೇ ಹುಡುಗರ ಮೇಲೆ ಮಾಡಿದ ಸಣ್ಣ ಅಧ್ಯಯನ. ಹುಣಸೆ ತಿನ್ನುತ್ತಾ ಅದೇ ನೀರು ಕುಡಿದರೆ ಪ್ರಯೋಜನವಿಲ್ಲ. ಸಾರಿಗೆ ಹೇಗೂ ಹಾಕುತ್ತೇವೆ, ಹಾಕಿ. ಅದಕ್ಕಿಂತ ಮುಖ್ಯ ಕ್ಯಾಲ್ಸಿಯಂ. ಹಾಲು, ಮೊಸರು, ರಾಗಿ, ಎಳ್ಳು, ನುಗ್ಗೆಸೊಪ್ಪು ಮಕ್ಕಳ ತಟ್ಟೆಯಲ್ಲಿ ಇರಲಿ, ಜೊತೆಗೆ ನೆಲ್ಲಿಕಾಯಿ, ಪೇರಲ. ಊಟ ಸಾಲದ ಮಕ್ಕಳಿಗೆ ಇದೇ ನೀರಿನಿಂದ ಕಾಲು ಸೊಟ್ಟಗಾಗುವ ಸಂಭವ ಜಾಸ್ತಿ. ಹಾಲಿಲ್ಲದ ಕಪ್ಪು ಚಹಾ ಮಕ್ಕಳಿಗೆ ಬೇಡ, ಚಹಾ ಎಲೆಯಲ್ಲೇ ಫ್ಲೋರೈಡ್ ಇದೆ.

ಪ್ರಶ್ನೆ (ಮತ್ತೆ ಕುಷ್ಟಗಿಯ ತಾಯಿ):
ಇವತ್ತಿನಿಂದ ಎಸರಿಗೂ ಕ್ಯಾನ್ ನೀರೇ ಇಡುತ್ತೇನೆ. ಬೋರ್ ಪರೀಕ್ಷೆ ಮಾಡಿಸುವುದು ಎಲ್ಲಿ? ಘಟಕದಿಂದ ಹೊರಗೆ ಬಿಡುವ ನೀರನ್ನು ನಮ್ಮ ಎಮ್ಮೆಗಳು ಕುಡಿಯುತ್ತವೆ, ಪರವಾಗಿಲ್ಲವಾ?

ಉತ್ತರ:
ಎಮ್ಮೆಗೆ ಆ ನೀರು ಬೇಡವೇ ಬೇಡ. ಆರ್‌ಒ ತೆಗೆದ ಫ್ಲೋರೈಡ್ ಎಲ್ಲ ಆ ಹೊರನೀರಿನಲ್ಲೇ ಇರುತ್ತದೆ, ಬೋರ್ ನೀರಿಗಿಂತ ಗಟ್ಟಿಯಾಗಿ. ದನಕರುಗಳಿಗೂ ಫ್ಲೋರೋಸಿಸ್ ಬರುತ್ತದೆ, ಹಲ್ಲು ಸವೆಯುತ್ತವೆ, ಕುಂಟುತ್ತವೆ. ಆ ನೀರು ತೊಟ್ಟಿಗೆ ಬೀಳದ ಹಾಗೆ ಪಂಚಾಯ್ತಿಯವರಿಗೆ ಹೇಳಿ ಪೈಪ್ ತಿರುಗಿಸಿ.

ಪರೀಕ್ಷೆಗೆ ಗ್ರಾಮ ಪಂಚಾಯ್ತಿಯಲ್ಲಿ ಕಿಟ್ ಕೇಳಿ. ಜಲಜೀವನ್ ಮಿಷನ್‌ನಲ್ಲಿ ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ಇದರ ತರಬೇತಿ ಕೊಡಬೇಕು ಅಂತಿದೆ, ನಿಮ್ಮೂರಲ್ಲಿ ಯಾರು ಅಂತ ವಿಚಾರಿಸಿ. ಕಿಟ್‌ನ ಬಣ್ಣ ನೋಡಿ ಅಂದಾಜು ಸಿಗುತ್ತದೆ. ಜಾಸ್ತಿ ತೋರಿಸಿದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕಳಿಸಿ ಪಕ್ಕಾ ಅಂಕಿ ಬರೆಸಿಕೊಳ್ಳಿ. ನೀರನ್ನು ಗಾಜಿನ ಬಾಟಲಿಯಲ್ಲಿ ಬೇಡ, ಶುಭ್ರ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿ. ಮೇಲೆ ಯಾವ ಬೋರ್, ಯಾವ ತಾರೀಖು ಅಂತ ಬರೆಯಿರಿ. ಘಟಕದ ನೀರಿನದ್ದೂ ಬೇರೆ ಬಾಟಲಿಯಲ್ಲಿ ಒಯ್ಯಿರಿ. ಫಲಿತಾಂಶ ಬಂದ ಮೇಲೆ ಎರಡೂ ಅಂಕಿ ಇಲ್ಲಿ ಹಾಕಿ, ಮಗಳಿಗೆ ಮುಂದೆ ಏನು ಮಾಡಬೇಕು ಅಂತ ನೋಡೋಣ.