ಎಂಜಿನ್ ದೀಪ ಉರಿಯುತ್ತಿದೆ, 38 ಸಾವಿರ ಕೇಳುತ್ತಿದ್ದಾರೆ: ಒಪ್ಪಿಕೊಳ್ಳಲೇ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2016ರ ಪೆಟ್ರೋಲ್ ಕಾರು. ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ದಿನವೂ ಓಡಾಡುತ್ತೇನೆ. ಕಳೆದ ವಾರ ಜೋರು ಮಳೆಯಾದ ಮರುದಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಂಜಿನ್ ನಡುಗತೊಡಗಿ ಹಳದಿ ದೀಪ ಹತ್ತಿಕೊಂಡಿತು. ಮೇಲ್ಸೇತುವೆ ಏರುವಾಗ ದೀಪ ಮಿಣುಕಿತು ಕೂಡ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಪಿ0302, ಪಿ0420 ಎಂಬ ಎರಡು ಕೋಡ್ ಬಂದಿವೆ ಎಂದರು. ನಾಲ್ಕು ಕಾಯಿಲ್, ಪ್ಲಗ್‌ಗಳು, ಆಕ್ಸಿಜನ್ ಸೆನ್ಸರ್, ಕೆಟಲಿಟಿಕ್ ಕನ್ವರ್ಟರ್ ಎಲ್ಲವನ್ನೂ ಬದಲಿಸಬೇಕಂತೆ. ಒಟ್ಟು 38 ಸಾವಿರ ರೂಪಾಯಿ. ಮಗಳ ಶಾಲೆಯ ಶುಲ್ಕ ಕಟ್ಟುವ ಸಮಯ ಬೇರೆ. ಏನು ಮಾಡಲಿ?

ಉತ್ತರ: ಮೇಡಂ, ಸದ್ಯಕ್ಕೆ ಒಪ್ಪಬೇಡಿ. ಆದರೆ ಗಾಡಿಯನ್ನು ಹೀಗೆಯೇ ವೈಟ್‌ಫೀಲ್ಡ್‌ವರೆಗೆ ಓಡಿಸಲೂ ಬೇಡಿ. ದೀಪ ಸ್ಥಿರವಾಗಿ ಉರಿದು ಗಾಡಿ ಸರಿಯಾಗಿ ಓಡುತ್ತಿದ್ದರೆ ನಾಲ್ಕು ದಿನ ನೋಡಬಹುದು. ಮಿಣುಕಿದರೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಎಂದು ಅರ್ಥ. ಅದು ಹೊಗೆಯನ್ನು ಶುದ್ಧಮಾಡುವ ಕನ್ವರ್ಟರ್ ಒಳಗೆ ಹೊತ್ತಿಕೊಂಡು ಅಲ್ಲಿನ ಜಾಲರಿಯನ್ನೇ ಕರಗಿಸಬಹುದು. ಆಗ ಅವರು ಹೇಳಿದ ದೊಡ್ಡ ಖರ್ಚು ನಿಜವಾಗಿಯೂ ತಲೆಗೆ ಬರುತ್ತದೆ.

ಕೋಡ್ ಹೇಳುವುದು ತೊಂದರೆ ಎಲ್ಲಿ ಕಾಣಿಸಿತು ಎಂಬುದನ್ನು ಮಾತ್ರ. ಯಾವ ಭಾಗ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. 0302 ಎಂದರೆ ಎರಡನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಅಷ್ಟೇ. ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಇರಬಹುದು, ಕಿಡಿ ಹಾರಿಸುವ ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇರಬಹುದು, ಇಲಿ ಕಡಿದ ವೈರೂ ಇರಬಹುದು. ನಮ್ಮ ಊರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲಿ ನಿಲ್ಲುವ ಗಾಡಿಗಳಲ್ಲಿ ಈ ಕೊನೆಯದನ್ನು ನಾನು ಬಹಳ ಕಂಡಿದ್ದೇನೆ. ಬಾನೆಟ್ ಎತ್ತಿದ ತಕ್ಷಣ ಮೊದಲು ವೈರಿಂಗ್ ನೋಡಿಸಿ.

ಆಮೇಲೆ ಕಾಸು ಖರ್ಚಾಗದ ಒಂದು ಪರೀಕ್ಷೆ ಇದೆ. ಕೋಡ್‌ಗಳನ್ನೂ, ದೀಪ ಹತ್ತಿದ ಕ್ಷಣದಲ್ಲಿ ಕಂಪ್ಯೂಟರ್ ಉಳಿಸಿಕೊಂಡ ವೇಗ, ತಾಪಮಾನಗಳನ್ನೂ ಬರೆದಿಟ್ಟುಕೊಳ್ಳಿ. ನಿಮ್ಮ ಗಾಡಿಯಲ್ಲಿ ಸಿಲಿಂಡರ್‌ಗೊಂದು ಕಾಯಿಲ್ ಇದೆ. ಎಂಜಿನ್ ತಣ್ಣಗಾದ ಮೇಲೆ ಎರಡನೆಯದರ ಕಾಯಿಲ್ ತೆಗೆದು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿಸಿ. ಕನೆಕ್ಟರ್‌ನ ಪ್ಲಾಸ್ಟಿಕ್ ಲಾಕ್ ಬಿಸಿಗೆ ಪೆಡಸಾಗಿರುತ್ತದೆ, ಎಳೆದಾಡಿದರೆ ಮುರಿಯುತ್ತದೆ. ಕೋಡ್ ಅಳಿಸಿ ಬಡಾವಣೆಯೊಳಗೇ ಒಂದು ಸುತ್ತು ಹಾಕಿ. ಈಗ 0303 ಬಂದರೆ ಕಾಯಿಲ್ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. 0302 ಹಾಗೇ ಉಳಿದರೆ ಪ್ಲಗ್‌ಗಳನ್ನು ಅದಲುಬದಲು ಮಾಡಿ, ಅದಾದ ಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿ.

ಕಾಯಿಲ್ ತೆಗೆದಾಗ ಪ್ಲಗ್ ಕೂರುವ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ನೀರಿದ್ದರೆ ಮಳೆಯ ಕೆಲಸ. ಆಯಿಲ್ ಇದ್ದರೆ ಟ್ಯಾಪೆಟ್ ಕವರ್, ಅಂದರೆ ಎಂಜಿನ್ ಮೇಲಿನ ಮುಚ್ಚಳದ ಪ್ಯಾಕಿಂಗ್ ಸೋರುತ್ತಿದೆ. ಅದನ್ನು ಬಿಟ್ಟು ಬರೀ ಕಾಯಿಲ್ ಹಾಕಿದರೆ ಹೊಸದೂ ಹಾಳಾಗುತ್ತದೆ.

0420 ಎಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಕೋಡ್. ಅದರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಕನ್ವರ್ಟರ್‌ಗೆ ಮುಂಚೆ ಒಂದು, ನಂತರ ಒಂದು, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುತ್ತದೆ. ಎರಡರ ಲೆಕ್ಕ ಹೋಲಿಸಿ ಆ ಕೋಡ್ ಹಾಕಲಾಗುತ್ತದೆ. ಒಂದು ಸಿಲಿಂಡರ್ ಉರಿಯದಿದ್ದಾಗ ಆ ಲೆಕ್ಕವೇ ತಪ್ಪಬಹುದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹಗಳಿರುವ ಭಾಗವದು, ಊಹೆಯ ಮೇಲೆ ಬದಲಿಸುವಂಥದ್ದಲ್ಲ.

ಇನ್ನೊಬ್ಬರ ಪ್ರಶ್ನೆ: ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದರೆ ದೀಪ ಆರುತ್ತದೆ ಎನ್ನುತ್ತಾರಲ್ಲ ಸರ್?

ಉತ್ತರ: ಆರಬಹುದು, ದೋಷ ಹಾಗೇ ಇರುತ್ತದೆ. ಮೇಲಾಗಿ ಬರೆದಿಟ್ಟುಕೊಳ್ಳಬೇಕಿದ್ದ ವಿವರವೆಲ್ಲ ಅಳಿಸಿಹೋಗುತ್ತದೆ. ಅದರ ಬದಲು ಬ್ಲೂಟೂತ್ ಸ್ಕ್ಯಾನರ್ ಒಂದನ್ನು ಕೊಂಡಿಟ್ಟುಕೊಳ್ಳಿ. ಸ್ಟಿಯರಿಂಗ್ ಕೆಳಗಿನ 16 ಪಿನ್‌ನ ಸಾಕೆಟ್‌ಗೆ ಸಿಕ್ಕಿಸಿದರೆ ಮೊಬೈಲಿನಲ್ಲೇ ಕೋಡ್ ಕಾಣುತ್ತದೆ. ಒಂದು ಮಾತು: ಕೆಂಪು ಆಯಿಲ್ ದೀಪ ಬಂದರೆ ಸ್ಕ್ಯಾನರ್ ಹುಡುಕುತ್ತಾ ಕೂರಬೇಡಿ, ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ.

ಮೊದಲಿನವರು: ಸರ್, ಮನೆ ಹತ್ತಿರದ ಮೆಕ್ಯಾನಿಕ್ ಕೈಯಲ್ಲಿ ಕಾಯಿಲ್ ಅದಲುಬದಲು ಮಾಡಿಸಿದೆ. 0303 ಬಂತು. ಗುಂಡಿಯೊಳಗೆ ಆಯಿಲ್ ಜಿನುಗಿದೆ. ನಾಲ್ಕೂ ಕಾಯಿಲ್ ಹಾಕಿಸಲೇ?

ಉತ್ತರ: ಸಂತೋಷ ಮೇಡಂ. ಒಂದೇ ಕಾಯಿಲ್ ಸಾಕು, ಜೊತೆಗೆ ಪ್ಯಾಕಿಂಗ್. ಪ್ಲಗ್ ಹಳೆಯದಾಗಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಸವೆದ ಪ್ಲಗ್ ಕಾಯಿಲ್ ಮೇಲೆ ಹೊರೆ ಹಾಕುತ್ತದೆ. ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಹಳೆಯ ಕಾಯಿಲ್ ಜೊತೆಯಲ್ಲೇ ಒಯ್ದು ಪಾರ್ಟ್ ನಂಬರ್ ತಾಳೆ ನೋಡಿ, ಬಿಲ್ ಕೇಳಿ ಪಡೆಯಿರಿ. ಆಮೇಲೆ ಕೋಡ್ ಅಳಿಸಿ ಎರಡು ವಾರ ಎಂದಿನಂತೆ ಓಡಿಸಿ. 0420 ಮತ್ತೆ ಬಂದರೆ ಸ್ಕ್ಯಾನರ್‌ನಲ್ಲಿ ಕಾಣುವ ಎರಡೂ ಆಕ್ಸಿಜನ್ ಸೆನ್ಸರ್‌ಗಳ ಗ್ರಾಫ್‌ನ ಚಿತ್ರ ತೆಗೆದು ಇಲ್ಲಿಯೇ ಹಾಕಿ, ನೋಡಿ ಹೇಳುತ್ತೇನೆ.