ಕರ್ತವ್ಯದಲ್ಲಿ ಮಡಿದ ಪೊಲೀಸರ ಕುಟುಂಬಕ್ಕೆ ಠಾಣೆಯವರು ಹೇಗೆ ನೆರವಾಗಬಹುದು?

ಪ್ರಶ್ನೆ: ಠಾಣಾ ಬರಹಗಾರ
ನಮ್ಮ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ರಾತ್ರಿ ಗಸ್ತಿನಲ್ಲಿದ್ದಾಗ ಲಾರಿ ಡಿಕ್ಕಿಯಾಗಿ ತೀರಿಕೊಂಡರು. ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು, ಬ್ಯಾಚಿನವರು ಹಣ ಕೂಡಿಸಿ ಕೊಟ್ಟರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಆ ಮನೆಯತ್ತ ಹೋಗುವವರೇ ಇಲ್ಲವಾಗಿದ್ದಾರೆ. ಮಕ್ಕಳಿಬ್ಬರೂ ಶಾಲೆಯಲ್ಲಿದ್ದಾರೆ, ವಸತಿಗೃಹ ಎಂದು ಬಿಡಬೇಕಾಗುವುದೋ ಎಂಬ ಚಿಂತೆ ಅವರ ಪತ್ನಿಗಿದೆ. ಅಂದು ಜೊತೆಯಲ್ಲಿದ್ದ ಕಾನ್‌ಸ್ಟೇಬಲ್ ಈಗ ಯಾರೊಡನೆಯೂ ಮಾತನಾಡುತ್ತಿಲ್ಲ. ನಾವು ಏನು ಮಾಡಬೇಕು?

ಉತ್ತರ: ನಿವೃತ್ತ ಕಚೇರಿ ಅಧೀಕ್ಷಕ
ಎಲ್ಲಕ್ಕಿಂತ ಮೊದಲು ಅನುಕಂಪದ ನೇಮಕಾತಿಯ, ಅಂದರೆ ಮೃತ ನೌಕರರ ಕುಟುಂಬದ ಒಬ್ಬರಿಗೆ ಕೊಡುವ ಸರ್ಕಾರಿ ಕೆಲಸದ, ಅರ್ಜಿ ಹಾಕಿಸಿ. ಇದಕ್ಕೆ ಸಂಬಂಧಿಸಿದ 1996ರ ಕರ್ನಾಟಕ ನಿಯಮಗಳ ಪ್ರಕಾರ ನೌಕರರು ಮೃತಪಟ್ಟ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಬೇಕು. ಮಗ ದೊಡ್ಡವನಾಗಲಿ, ಕೆಲಸ ಅವನಿಗೇ ಸಿಗಲಿ ಎಂದು ಕಾಯುವಂತೆ ನೆಂಟರು ಸಲಹೆ ಕೊಡುವುದುಂಟು. ಹಾಗೆ ತಡವಾಗಿ ತಿರಸ್ಕೃತವಾದ ಅರ್ಜಿಗಳು ಹೈಕೋರ್ಟಿನವರೆಗೂ ಹೋಗಿವೆ. ಈ ನೌಕರಿ ಕುಟುಂಬದ ತಕ್ಷಣದ ಸಂಕಷ್ಟಕ್ಕೆ ಪರಿಹಾರವೇ ಹೊರತು ವಂಶಪಾರಂಪರ್ಯದ ಹಕ್ಕಲ್ಲ ಎಂಬುದು ಸುಪ್ರೀಂ ಕೋರ್ಟಿನ ನಿಲುವು. ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ವಿಮೆ, ಪಿಂಚಣಿ, ವಸತಿಗೃಹದಲ್ಲಿ ಮುಂದುವರಿಯಲು ಮನವಿ ಇವೆಲ್ಲಕ್ಕೂ ಒಬ್ಬರನ್ನೇ ಹೊಣೆ ಮಾಡಿ. ಹತ್ತು ಜನ ‘ನೋಡಿಕೊಳ್ಳುತ್ತೇವೆ’ ಎಂದರೆ ಕಡತ ಯಾರ ಮೇಜಿನಲ್ಲಿದೆ ಎಂಬುದೇ ಆ ತಾಯಿಗೆ ತಿಳಿಯುವುದಿಲ್ಲ.

ಉತ್ತರ: ಸಂಚಾರ ಠಾಣೆ ಎಎಸ್‌ಐ
ಆ ಕಾನ್‌ಸ್ಟೇಬಲ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳಿಗ್ಗೆ ಅಂತ್ಯಕ್ರಿಯೆ, ಸಂಜೆ ಬಂದೋಬಸ್ತ್ ಎಂಬುದು ನಮ್ಮಲ್ಲಿ ರೂಢಿ. ‘ಪೊಲೀಸ್ ಆಗಿ ಅಳುತ್ತೀಯಾ’ ಎಂಬ ಮಾತು ಬೇರೆ. ಕೆಲಕಾಲ ರಾತ್ರಿ ಗಸ್ತು ತಪ್ಪಿಸಿ, ಆದರೆ ಶಿಕ್ಷೆಯೆಂದು ಅನ್ನಿಸದಂತೆ ಠಾಣೆಯೊಳಗಿನ ಕೆಲಸ ಕೊಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಠಾಣೆಯ ಮೂಲಕ ಹೋಗಬೇಕಾಗಿಲ್ಲ. ನಿದ್ರೆ, ಊಟ ಕೆಟ್ಟಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ನೀವೇ ಜೊತೆಯಾಗಿ ಹೋಗಿ.

ಉತ್ತರ: ಪೊಲೀಸರ ಮಗಳು
1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಬಲಿಯಾದ 10 ಪೊಲೀಸರ ನೆನಪಿಗಾಗಿ ಪ್ರತಿವರ್ಷ ನಡೆಯುವ ಹುತಾತ್ಮರ ದಿನಾಚರಣೆಯಲ್ಲಿ, ಆ ವರ್ಷ ಮಡಿದವರ ಹೆಸರುಗಳನ್ನು ಓದುತ್ತಾರೆ. ಕುಟುಂಬವನ್ನು ಅದಕ್ಕೆ ಕರೆಯುವುದಾದರೆ ಹಿಂದಿನ ದಿನ ಫೋನ್ ಮಾಡಿ ಮುಗಿಸಬೇಡಿ. ಮನೆಗೆ ಹೋಗಿ, ಬರಲು ಮನಸ್ಸಿದೆಯೇ ಎಂದು ಅವರ ಪತ್ನಿಯನ್ನೇ ಕೇಳಿ. ಬರುವುದಿಲ್ಲ ಎಂದರೆ ಒತ್ತಾಯ ಬೇಡ.